ಹಿಮದೊಳಗಿನ ಜಾರುಪದರ

ಮಕ್ಕಳೇ, ಹಲಗೆಯೊಂದರ ಮೇಲೆ ಪುಸ್ತಕವಿಟ್ಟು ನಿಧಾನವಾಗಿ ಓರೆ ಮಾಡಿ. ಈಗ ಹಲಗೆಯ ಮೇಲೆ ಒಂದು ಹಿಡಿ ರಾಗಿ ಹರಡಿ, ಅದರ ಮೇಲೆ ಪುಸ್ತಕವಿಟ್ಟು ಮತ್ತೆ ಓರೆ ಮಾಡಿ. ಬೇಗ ಜಾರಿತಲ್ಲವೇ? (ರಾಗಿ ಬಾಚಿಡಲು ಮರೆಯಬೇಡಿ!) ಬೆಟ್ಟದ ಹಿಮ ಒಮ್ಮೆಲೇ ಜಾರಿಬರುವ ಹಿಮಕುಸಿತವೂ ಹೆಚ್ಚುಕಡಿಮೆ ಹೀಗೆಯೇ.

ಲಡಾಖ್‌ನ ಬೆಟ್ಟಗಳಲ್ಲಿ ಹಿಮ ಪದರ ಪದರವಾಗಿ ಕೂರುತ್ತದೆ. ನೆಲದ ಹತ್ತಿರದ ಹಿಮಕ್ಕಿಂತ ಮೇಲಿನದು ಬಹಳ ತಣ್ಣಗಿರುತ್ತದೆ. ಕೆಳಗಿನಿಂದ ಹೊರಟ ನೀರಾವಿ ದಾರಿಯಲ್ಲೇ ಹೆಪ್ಪುಗಟ್ಟಿ, ಒಂದಕ್ಕೊಂದು ಅಂಟದ, ಸಕ್ಕರೆಯಂಥ ಹರಳುಗಳಾಗುತ್ತದೆ. ಇದೇ ನಿಮ್ಮ ರಾಗಿ! ಇದರ ಮೇಲೆ ಹೊಸ ಹಿಮ ದಪ್ಪಗೆ ಬಿದ್ದರೆ, 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬರು ಕಾಲಿಟ್ಟರೂ ಸಾಕು, ಇಡೀ ಹಾಸು ಬಿರಿದು ಜಾರಬಹುದು. ಅಡಿಯಲ್ಲಿ ಹೂತವರನ್ನು ಕಾಲು ಗಂಟೆಯೊಳಗೆ ಹೊರತೆಗೆಯದಿದ್ದರೆ ಉಳಿಯುವುದು ಕಷ್ಟ.

ಮೇಲಿನಿಂದ ನೋಡಿದರೆ ಏನೂ ಕಾಣದು. ಅದಕ್ಕೇ ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹಿಮದಲ್ಲಿ ಗುಂಡಿ ತೋಡಿ, ಪದರಗಳನ್ನು ಪರೀಕ್ಷಿಸಿ ಮುನ್ನೆಚ್ಚರಿಕೆ ನೀಡುತ್ತಾರೆ.