ಕಾಲೇಜು ಮನೆಗೆ ಬಂದಾಗ

ನಿಮ್ಮ ಮಗಳು ಮನೆಯಲ್ಲೇ ಕುಳಿತು ಆನ್‌ಲೈನ್ ಮೂಲಕ ಪದವಿ ಓದುತ್ತಿದ್ದಾಳೆಯೇ? ಹಾಗಾದರೆ ಒಮ್ಮೆ ಕೇಳಿ ನೋಡಿ: ‘ಈ ಪಾಠ ನಿನಗೆ ತೃಪ್ತಿ ಕೊಡುತ್ತಿದೆಯೇ?’

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಕಾಲೇಜುಗಳು ಮುಚ್ಚಿದಾಗ ಪಾಠ ಮೊಬೈಲಿಗೆ ಬಂತು. ಅಂದು ಅದು ಅನಿವಾರ್ಯವಾಗಿತ್ತು, ಇಂದು ಆಯ್ಕೆಯಾಗಿದೆ. ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ‘ಸ್ವಯಂ’ನಲ್ಲಿ ಪಾಠ ಉಚಿತ, ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಪರೀಕ್ಷಾ ಶುಲ್ಕ. ಮಾನ್ಯತೆ ಪಡೆದ ವಿಶ್ವವಿದ್ಯಾನಿಲಯಗಳ ಆನ್‌ಲೈನ್ ಪದವಿಯು ಸಾಮಾನ್ಯ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿತು. ಮದುವೆಯಿಂದಲೋ ದೂರದಿಂದಲೋ ಓದು ನಿಲ್ಲಿಸಿದ ಸಹೋದರಿಯರಿಗೆ ಇದು ದೊಡ್ಡ ಅನುಕೂಲ. ಮುದ್ರಿತ ಪಾಠವನ್ನು ಬಿಡುವಾದಾಗ ಎಷ್ಟು ಸಲವಾದರೂ ಕೇಳಬಹುದು.

ಹಾಗಿದ್ದರೂ ಅತೃಪ್ತಿ ಏಕೆ? ಸಂದೇಹ ಕೇಳಿದರೆ ಉತ್ತರ ಬಾರದಿದ್ದಾಗ ವಿದ್ಯಾರ್ಥಿನಿ ಒಂಟಿಯಾಗುತ್ತಾಳೆ. ಅಧ್ಯಾಪಕರ ಕಷ್ಟವೂ ಕಡಿಮೆಯಲ್ಲ. ನಾವು ಶಿಕ್ಷಕರು ಮಕ್ಕಳ ಮುಖ ನೋಡಿಯೇ ಪಾಠವನ್ನು ಮತ್ತೊಮ್ಮೆ ವಿವರಿಸುವವರು. ಎಲ್ಲರೂ ಕ್ಯಾಮರಾ ಮುಚ್ಚಿಕೊಂಡರೆ ಯಾರಿಗೆ ಅರ್ಥವಾಗಿಲ್ಲವೆಂದು ತಿಳಿಯುವುದು ಹೇಗೆ?

ಇನ್ನೊಂದು ಅಡ್ಡಿ ನಮ್ಮ ಮನೆಯೊಳಗೇ ಇದೆ. ಮಗ ಕಾಲೇಜಿಗೆ ಹೋದರೆ ‘ಓದಲು ಹೋಗಿದ್ದಾನೆ’ ಎನ್ನುತ್ತೇವೆ. ಮಗಳು ಮೊಬೈಲ್ ಹಿಡಿದು ಪಾಠ ಕೇಳುತ್ತಿದ್ದರೆ ‘ಸುಮ್ಮನೆ ಕೂತಿದ್ದಾಳೆ’ ಎಂದು ಅಡುಗೆಮನೆಗೆ ಕರೆಯುತ್ತೇವೆ!

ಆದ್ದರಿಂದ ಸಹೋದರಿಯರೇ, ಸೇರುವ ಮೊದಲು ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ, ಸಂದೇಹಗಳಿಗೆ ಉತ್ತರಿಸುವವರು ಇದ್ದಾರೆಯೇ ಎಂದು ವಿಚಾರಿಸಿ. ಸೇರಿಸಿದ ಮೇಲೆ ಅವಳಿಗೊಂದು ಮೂಲೆ, ನಿಗದಿತ ಸಮಯ ಕೊಡಿ. ಆ ಹೊತ್ತಿನಲ್ಲಿ ಅವಳು ಮನೆಯಲ್ಲಿಲ್ಲ, ಕಾಲೇಜಿನಲ್ಲಿದ್ದಾಳೆ ಎಂದೇ ತಿಳಿಯಿರಿ.