ಫ್ಯೂಜು ಹೇಳುವ ಎಚ್ಚರಿಕೆಯ ಮಾತು

ನಮ್ಮ ನಾಡಿನ ಹಲವು ಮನೆಗಳ ಅಂಗಳದಲ್ಲಿ ಹಿರಿಯರು ಕೊಂಡ ಕಾರೊಂದು ಇಂದಿಗೂ ನಿಂತಿದೆ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್ ಅಂಥವುಗಳಲ್ಲೊಂದು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ರೂಪುಗೊಂಡ ಈ ವಾಹನದ ಎಂಜಿನ್ನಿಗೆ ನಾವು ತೋರುವ ಕಾಳಜಿಯನ್ನು ಅದರ ವೈರಿಂಗಿಗೆ ತೋರುವುದಿಲ್ಲ. ಈ ಅಲಕ್ಷ್ಯದ ಫಲವನ್ನು ನಾವು ಸ್ವತಃ ಉಂಡಿದ್ದೇವೆ.

ಕೆಲವು ವರ್ಷಗಳ ಹಿಂದೆ ಬಂಧುಗಳ ಮದುವೆ ಮುಗಿಸಿಕೊಂಡು ರಾತ್ರಿ ಗದಗದಿಂದ ಹುಬ್ಬಳ್ಳಿಗೆ ಮರಳುತ್ತಿದ್ದೆವು. ಹೊರಡುವ ಮುನ್ನವೇ ಹಾರ್ನ್ ಕೆಟ್ಟಿತ್ತು. ಫ್ಯೂಜು ಸುಟ್ಟಿತ್ತು, ಬೇರೊಂದು ದೊರೆಯಲಿಲ್ಲ. ಅದಕ್ಕೆ ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ಸುತ್ತಿ ಕೂರಿಸಿದೆವು. ಹಾರ್ನ್ ಮೊಳಗಿತು, ನಾವೂ ಹಿಗ್ಗಿದೆವು. ಅಣ್ಣಿಗೇರಿ ದಾಟುವಷ್ಟರಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಸುಟ್ಟ ವಾಸನೆ, ಅದರ ಬೆನ್ನಿಗೇ ಹೊಗೆ! ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದರೂ ಹೊಗೆ ನಿಲ್ಲಲಿಲ್ಲ. ಹಿಂದಿನ ಸೀಟಿನಲ್ಲಿ ವೃದ್ಧ ತಾಯಿಯವರೂ ನಿದ್ರಿಸುತ್ತಿದ್ದ ಮಕ್ಕಳೂ ಇದ್ದರು. ಅವರನ್ನು ಇಳಿಸಿ ದೂರ ನಿಲ್ಲಿಸಿ, ಬ್ಯಾಟರಿಯ ತಂತಿಯನ್ನು ಕಳಚಿದ ಮೇಲೆಯೇ ಹೊಗೆ ಅಡಗಿತು.

ಮರುದಿನ ಅನುಭವಿ ಎಲೆಕ್ಟ್ರಿಷಿಯನ್ನರೊಬ್ಬರು ಕಾರಣ ತೋರಿಸಿಕೊಟ್ಟರು. ತಗಡಿನ ರಂಧ್ರದ ಮೂಲಕ ಹಾಯುವ ತಂತಿಗೆ ರಕ್ಷಣೆಯಾಗಿದ್ದ ರಬ್ಬರಿನ ಬಳೆ ಹರಿದುಹೋಗಿತ್ತು. ತಂತಿಯ ಹೊದಿಕೆ ಸವೆದು, ಅದು ಕಾರಿನ ಮೈಗೆ ತಾಗುತ್ತಿತ್ತು. ಫ್ಯೂಜು ತನ್ನನ್ನು ಸುಟ್ಟುಕೊಂಡು ಅಪಾಯವನ್ನು ತಡೆದಿತ್ತು. ನಾವು ಆ ಕಾವಲುಗಾರನ ಬಾಯಿ ಕಟ್ಟಿದ್ದೆವು. ಹಾರ್ನಿಗೆ ವಿದ್ಯುತ್ತು ಕೀಲಿಯನ್ನು ಹಾಯದೆ ಬ್ಯಾಟರಿಯಿಂದಲೇ ಬರುತ್ತಿದ್ದುದರಿಂದ ಕೀಲಿ ತಿರುಗಿಸಿದ್ದು ವ್ಯರ್ಥವಾಯಿತು.

ಇಂಥ ದೋಷವನ್ನು ಹುಡುಕುವ ಸುಲಭ ಉಪಾಯವೊಂದಿದೆ. ಆ ಫ್ಯೂಜಿಗೆ ಸೇರಿದ ದೀಪ, ಹಾರ್ನ್‌ಗಳನ್ನೆಲ್ಲ ಆರಿಸಿ, ಫ್ಯೂಜಿನ ಸ್ಥಳದಲ್ಲಿ 12 ವೋಲ್ಟಿನ ಬಲ್ಬೊಂದನ್ನು ಜೋಡಿಸಬೇಕು. ಅದು ಪ್ರಖರವಾಗಿ ಉರಿದರೆ ತಂತಿ ಎಲ್ಲೋ ಮೈಗೆ ತಾಗುತ್ತಿದೆಯೆಂದರ್ಥ. ತಂತಿಗಳನ್ನು ಒಂದೊಂದಾಗಿ ಅಲುಗಿಸುತ್ತ ಹೋದಾಗ ಬಲ್ಬು ಎಲ್ಲಿ ಆರುವುದೋ ಅಲ್ಲಿಯೇ ದೋಷವಿರುವ ಸಂಭವ ಹೆಚ್ಚು.

ಇನ್ನು ಹೆಡ್‌ಲೈಟಿನ ವಿಚಾರ. ಹಳೆಯ ಕಾರುಗಳು ಹಲವುಗಳಲ್ಲಿ ದೀಪದ ವಿದ್ಯುತ್ತೆಲ್ಲವೂ ಸ್ವಿಚ್ಚಿನ ಮೂಲಕವೇ ಹರಿಯುತ್ತದೆ. 60 ವ್ಯಾಟಿನ ಎರಡು ಬಲ್ಬುಗಳಿಗೆ ಸುಮಾರು 10 ಆಂಪಿಯರ್ ಬೇಕು. 100 ವ್ಯಾಟಿನವನ್ನು ಹಾಕಿದರೆ ಸುಮಾರು 17 ಆಂಪಿಯರ್. ಸವೆದ ಸ್ವಿಚ್ಚು ಇದನ್ನು ತಾಳದೆ ಕಾಯುತ್ತದೆ, ದೀಪವೂ ಮಂಕಾಗುತ್ತದೆ. ಇದಕ್ಕೆ ಪರಿಹಾರವೇ ರಿಲೇ. ಇದರಲ್ಲಿ 85 ಮತ್ತು 86ರ ತುದಿಗಳಿಗೆ ಸ್ವಿಚ್ಚಿನಿಂದ ಬರುವ ಅಲ್ಪ ವಿದ್ಯುತ್ತು ಒಳಗಿನ ಸುರುಳಿಯನ್ನು ಆಯಸ್ಕಾಂತವಾಗಿಸುತ್ತದೆ. ಆಗ 30ರಿಂದ 87ಕ್ಕೆ ದಾರಿ ಕೂಡಿ, ಬ್ಯಾಟರಿಯ ವಿದ್ಯುತ್ತು ನೇರವಾಗಿ ದೀಪಕ್ಕೆ ಹರಿಯುತ್ತದೆ. ಬ್ಯಾಟರಿಯಿಂದ 30ಕ್ಕೆ ಬರುವ ತಂತಿಗೆ, ಬ್ಯಾಟರಿಯ ಸಮೀಪದಲ್ಲಿಯೇ, ಪ್ರತ್ಯೇಕ ಫ್ಯೂಜು ಇರಲೇಬೇಕು. ರಿಲೇ ‘ಟಿಕ್’ ಎಂದ ಮಾತ್ರಕ್ಕೆ ಅದು ಸರಿಯಿದೆಯೆಂದು ಭಾವಿಸಲಾಗದು. ಒಳಗಿನ ಸಂಪರ್ಕಗಳು ಸುಟ್ಟಿರಬಹುದು.

ಯಾವ ದೋಷಕ್ಕೂ ಬ್ಯಾಟರಿಯಿಂದಲೇ ಪರೀಕ್ಷೆ ಆರಂಭವಾಗಲಿ. ವಿಶ್ರಾಂತಿಯಲ್ಲಿರುವ ಪೂರ್ಣ ಬ್ಯಾಟರಿ ಸುಮಾರು 12.6 ವೋಲ್ಟು ತೋರಿಸುತ್ತದೆ. 12ಕ್ಕಿಂತ ಇಳಿದರೆ ಅದು ಬರಿದಾಗುತ್ತ ಬಂದಿದೆಯೆಂದು ತಿಳಿಯಬೇಕು. ಅನಂತರ ಅದರ ಟರ್ಮಿನಲ್‌ಗಳು, ಕಾರಿನ ಮೈಗೆ ಬಿಗಿದ ಅರ್ಥಿಂಗ್ ತಂತಿ, ಫ್ಯೂಜು, ರಿಲೇ, ಕೊನೆಗೆ ವೈರಿಂಗ್. ಅರ್ಥಿಂಗಿನ ಬೋಲ್ಟಿಗೆ ಹಿಡಿದ ತುಕ್ಕನ್ನು ಉಜ್ಜಿ ತೆಗೆದು ಬಿಗಿದರೆ ಸಾಕು, ಎಷ್ಟೋ ಮಂಕು ದೀಪಗಳು ಬೆಳಗುತ್ತವೆ. ಕೆಲಸಕ್ಕೆ ಕೈಹಾಕುವ ಮುನ್ನ ಕಾರಿನ ಮೈಗೆ ಸೇರಿದ ಬ್ಯಾಟರಿ ತಂತಿಯನ್ನು ಮೊದಲು ಕಳಚುವುದನ್ನು ಮರೆಯಬಾರದು.

ನಿಗದಿತ ಆಂಪಿಯರಿನ ನಾಲ್ಕು ಫ್ಯೂಜುಗಳು ಹಾಗೂ ಬ್ಯಾಟರಿ ಬಿಚ್ಚುವ ಒಂದು ಪಾನಾ ಪ್ರತಿ ಹಳೆಯ ಕಾರಿನಲ್ಲಿಯೂ ಇರಲಿ. ಒಮ್ಮೆ ಸುಟ್ಟ ಫ್ಯೂಜನ್ನು ಬದಲಿಸೋಣ. ಮತ್ತೆ ಸುಟ್ಟರೆ ಪಯಣ ನಿಲ್ಲಿಸಿ ಕಾರಣ ಹುಡುಕೋಣ. ಅಂದು ರಸ್ತೆಯ ಬದಿಯಲ್ಲಿ ಮಕ್ಕಳನ್ನು ಅಪ್ಪಿಕೊಂಡು ನಿಂತ ಗಳಿಗೆಯಲ್ಲಿ ನಾವು ಕಲಿತ ಪಾಠವಿದು. ಓದುಗ ಬಂಧುಗಳು ಇದನ್ನು ಹೊಗೆ ಕಾಣದೆಯೇ ಕಲಿಯಲೆಂಬುದು ನಮ್ಮ ಹಾರೈಕೆ.