ಒಂದು ದ್ವೀಪದ ಜನಸಂಖ್ಯೆ

ಕಾವೇರಿಯು ಎರಡು ಕವಲಾಗಿ ಹರಿದು ಮತ್ತೆ ಒಂದಾಗುವ ನಡುವಿನ ನೆಲವೇ ಶ್ರೀರಂಗಪಟ್ಟಣ. ಟಿಪ್ಪು ಸುಲ್ತಾನನ ಕಾಲದಲ್ಲಿ ಈ ದ್ವೀಪದ ಮೇಲೆ ಒಂದೂವರೆ ಲಕ್ಷ ಜನರಿದ್ದರೆಂದು ಒಂದು ಅಂದಾಜು. 1799ರ ಮೇ 4ರಂದು ಕೋಟೆ ಬಿದ್ದಿತು. ಮರುವರ್ಷ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಬರೆದಿಟ್ಟ ಸಂಖ್ಯೆ 31,895. ನೂರು ವರ್ಷಗಳ ತರುವಾಯ, 1901ರ ಜನಗಣತಿಯಲ್ಲಿ, ಪಟ್ಟಣದ ಜನ 8,584 ಮಾತ್ರ. ಉಳಿದವರು ಏನಾದರು?

ಇಂತಹ ಪ್ರಶ್ನೆಗಳನ್ನು ವಿಚಾರಿಸುವ ವಿದ್ಯೆಗೆ ಜನಸಂಖ್ಯಾಶಾಸ್ತ್ರವೆಂದು ಹೆಸರು. ಅದರ ಮೂಲಸೂತ್ರವು ಕೆರೆಯ ನೀರಿನ ಲೆಕ್ಕದಷ್ಟೇ ಸರಳವಾದುದು. ಊರಿನ ಜನ ಹೆಚ್ಚುವುದು ಜನನದಿಂದ, ಇಲ್ಲವೆ ಹೊರಗಿನವರು ಬಂದು ನೆಲೆಸುವ ಒಳವಲಸೆಯಿಂದ. ಕಡಿಮೆಯಾಗುವುದು ಮರಣದಿಂದ, ಇಲ್ಲವೆ ಹೊರವಲಸೆಯಿಂದ. ಐದನೆಯ ದಾರಿಯಿಲ್ಲ.

ಆದರೆ ಮೊದಲು ಎಣಿಕೆಯನ್ನೇ ಪರೀಕ್ಷಿಸಬೇಕು. ಬುಕನನ್ನನ ಲೆಕ್ಕದಲ್ಲಿ ಕೋಟೆಯೊಳಗೆ 4,163 ಮನೆಗಳು, ಗಂಜಾಮಿನಲ್ಲಿ 2,216 ಮನೆಗಳು. ಒಂದು ಮನೆಗೆ ಐದು ಜನರೆಂದು ಗುಣಿಸಿದರೆ 31,895 ಬರುತ್ತದೆ. ಒಂದೇ ಸೂರಿನಡಿ ಎರಡು ಒಲೆಗಳು ಉರಿಯುತ್ತಿದ್ದರೆ ಈ ಲೆಕ್ಕ ಕೈಕೊಡುತ್ತದೆ. ಒಂದೂವರೆ ಲಕ್ಷವಂತೂ ಬರಿಯ ಊಹೆ. ಪ್ರತಿಯೊಬ್ಬರನ್ನೂ ಎಣಿಸುವ ಜನಗಣತಿ ಮೈಸೂರು ಸಂಸ್ಥಾನದಲ್ಲಿ ಮೊದಲು ನಡೆದದ್ದು 1871ರಲ್ಲಿ. ಆದುದರಿಂದ ಈ ಮೂರು ಸಂಖ್ಯೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಇಳಿತವು ನಿಜ.

ಯುದ್ಧದಲ್ಲಿ ಸಾವಿರಾರು ಮಂದಿ ಮಡಿದರು. ಆದರೆ ಪಟ್ಟಣವನ್ನು ಬರಿದು ಮಾಡಿದ್ದು ಸಾವಿಗಿಂತ ಹೆಚ್ಚಾಗಿ ಹೊರವಲಸೆ. ರಾಜಧಾನಿ ಮೈಸೂರಿಗೆ ಹೋಯಿತು. ಅದರ ಹಿಂದೆಯೇ ಅರಮನೆಯನ್ನು ನಂಬಿದ್ದ ಕರಣಿಕರು, ಕುಶಲಕರ್ಮಿಗಳು, ವರ್ತಕರು ಹೊರಟರು. ಚಳಿಜ್ವರದ ಕಾಟಕ್ಕೆ ಬೇಸತ್ತ ಇಂಗ್ಲಿಷರ ದಂಡು 1809ರಿಂದ ಮುಂದೆ ಬೆಂಗಳೂರಿಗೆ ಸಾಗಿತು. ದಂಡು ಹೋದ ಮೇಲೆ ಅಂಗಡಿ ಬೀದಿಗೆ ಏನು ಕೆಲಸ? ಜನ ಬಂದದ್ದೂ ಹೀಗೆಯೇ, ಅರಸನ ಇಚ್ಛೆಯಂತೆ. ಗಂಜಾಮನ್ನು ತುಂಬಲು ಟಿಪ್ಪುವು ಸಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ತರಿಸಿದನೆಂದು ಹಳೆಯ ಗ್ಯಾಸೆಟಿಯರ್ ಹೇಳುತ್ತದೆ. ಗಂಜಾಮಿನ ಲೆಕ್ಕದಲ್ಲಿ ಅದು ಒಳವಲಸೆ. ಸಿರಾದ ಪಾಲಿಗೆ ಹೊರವಲಸೆ. ಮನೆ ಬಿಟ್ಟು ಹೊರಟವರ ಸಂಕಟಕ್ಕೆ ಮಾತ್ರ ಯಾವ ಪಟ್ಟಿಯಲ್ಲಿಯೂ ಅಂಕಣವಿಲ್ಲ.

ಮರಣವೇ ಮೇಲುಗೈಯಾದ ಕಾಲವೂ ಉಂಟು. 1871ರಲ್ಲಿ ಸುಮಾರು ಐವತ್ತೂವರೆ ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಕುಸಿಯಿತು. 1876ರಿಂದ 1878ರವರೆಗಿನ ಕ್ಷಾಮವೇ ಇದಕ್ಕೆ ಕಾರಣ. ಕ್ಷಾಮವು ಬದುಕಿರುವವರನ್ನು ಕೊಲ್ಲುವುದಷ್ಟೇ ಅಲ್ಲ, ಹುಟ್ಟಬೇಕಾದವರನ್ನೂ ತಡೆಯುತ್ತದೆ: ಮದುವೆಗಳು ಮುಂದಕ್ಕೆ ಹೋಗುತ್ತವೆ, ಬಸವಳಿದ ತಾಯಂದಿರು ಗರ್ಭ ಧರಿಸುವುದು ಕಡಿಮೆಯಾಗುತ್ತದೆ.

ಊರು ಊರುಗಳನ್ನು ಹೋಲಿಸಲು ಒಂದು ವರ್ಷದ ಜನನ ಮರಣಗಳನ್ನು ಸಾವಿರ ಜನರಿಗೆ ಇಷ್ಟೆಂದು ಹೇಳುವುದು ವಾಡಿಕೆ. ಇವೇ ಜನನ ಪ್ರಮಾಣ, ಮರಣ ಪ್ರಮಾಣ. 2011ರಲ್ಲಿ ಕರ್ನಾಟಕದ ಜನನ ಪ್ರಮಾಣ 18.8, ಮರಣ ಪ್ರಮಾಣ 7.1. ಇವುಗಳ ಅಂತರವಾದ 11.7 ಎಂಬುದು ಸ್ವಾಭಾವಿಕ ಹೆಚ್ಚಳ. ವಲಸೆ ಇದರಲ್ಲಿ ಸೇರದು.

ಈಗ ಶ್ರೀರಂಗಪಟ್ಟಣವನ್ನು ಒಳಗೊಂಡ ಮಂಡ್ಯ ಜಿಲ್ಲೆಯನ್ನು ನೋಡಬಹುದು. ಕನ್ನಂಬಾಡಿ ಕಟ್ಟೆಯ ನಾಲೆ ಹರಿದು, ಸಕ್ಕರೆ ಕಾರ್ಖಾನೆ ನಡೆಯತೊಡಗಿದ ಮೇಲೆ ಜನರನ್ನು ತನ್ನತ್ತ ಸೆಳೆದ ಸೀಮೆ ಇದು. 2001ರಲ್ಲಿ ಇಲ್ಲಿ 17.63 ಲಕ್ಷ ಜನರಿದ್ದರು, 2011ರಲ್ಲಿ 18.05 ಲಕ್ಷ. ಹತ್ತು ವರ್ಷಗಳಲ್ಲಿ ನೂರಕ್ಕೆ ಮೂರರಷ್ಟೂ ಏರಲಿಲ್ಲ. ಅದೇ ಅವಧಿಯಲ್ಲಿ ಇಡೀ ರಾಜ್ಯದ ಏರಿಕೆ ನೂರಕ್ಕೆ ಹದಿನೈದಕ್ಕೂ ಮಿಗಿಲು. ಇಲ್ಲಿ ಕ್ಷಾಮವಿರಲಿಲ್ಲ, ಯುದ್ಧವಿರಲಿಲ್ಲ. ಮಕ್ಕಳು ಕಡಿಮೆಯಾದುದು ಒಂದು ಕಾರಣ. ಆದರೆ ಅದೊಂದೇ ಇಷ್ಟು ದೊಡ್ಡ ಅಂತರವನ್ನು ವಿವರಿಸಲಾರದು. ಉಳಿದುದಕ್ಕೆ ಬೆಂಗಳೂರು, ಮೈಸೂರುಗಳ ದಾರಿಯನ್ನು ನೋಡಬೇಕು.

ಹಾಗೆ ಹೋಗುವವರಲ್ಲಿ ಹೆಚ್ಚಿನವರು ಪ್ರಾಯದವರು. ಅದರಿಂದ ಊರಿನ ವಯೋರಚನೆಯೇ, ಎಂದರೆ ಮಕ್ಕಳು, ದುಡಿಯುವವರು, ಮುದುಕರು ಎಂಬ ಪಾಲುಗಳೇ, ಬದಲಾಗುತ್ತವೆ. ಸಾವಿರದಲ್ಲಿ ವೃದ್ಧರು ಹೆಚ್ಚಾದಾಗ, ಯಾವ ರೋಗವೂ ಹರಡದಿದ್ದರೂ ಮರಣ ಪ್ರಮಾಣ ಏರಿದಂತೆ ಕಾಣುತ್ತದೆ. ಜನನ ಪ್ರಮಾಣವೋ ಇಳಿಯುತ್ತದೆ. ಏಕೆಂದರೆ ಆ ಊರಿನ ಮಗ ಸೊಸೆಯರ ಕೂಸು ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ಲೆಕ್ಕಕ್ಕೆ ಸೇರುತ್ತದೆ.